ತೊಳೆದಷ್ಟೂ ಮರಳುವ ಬಿಳಿ ಸೆರಗು

ಚಿಂತಾಮಣಿಯ ಒಂದು ಸಣ್ಣ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂರುವುದು ನನ್ನ ಕೆಲಸ. ಬಾಗೇಪಲ್ಲಿ ಕಡೆಯಿಂದ ಬರುವ ಹೆಂಗಸರು ‘ತೆಲ್ಲಬಟ್ಟ’ ಎನ್ನುತ್ತಾರೆ, ಊರಿನವರು ‘ಬಿಳಿ ಸೆರಗು’ ಎನ್ನುತ್ತಾರೆ, ಇನ್ನು ಕೆಲವರು ಯಾವ ಹೆಸರನ್ನೂ ಎತ್ತದೆ ‘ಉಷ್ಣ ಜಾಸ್ತಿಯಾಗಿದೆಯಂತೆ’ ಎಂದು ಡಾಕ್ಟರ ಚೀಟಿಯನ್ನು ಮುಂದಿಟ್ಟು ಗೋಡೆಯ ಕಡೆ ನೋಡುತ್ತಾರೆ. ಈ ಮಾತುಗಳ ಹಿಂದೆ ಬೇರೆ ಬೇರೆ ಸೋಂಕುಗಳಿರಬಹುದು, ಏನೂ ತೊಂದರೆಯಿಲ್ಲದ ಸಹಜ ಸ್ರಾವವೂ ಇರಬಹುದು. ಅವುಗಳಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಯೋನಿಯ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪುವುದು, ಎಂಬ ಒಂದರ ಬಗ್ಗೆ ಮಾತ್ರ ಇಲ್ಲಿ ಬರೆಯುತ್ತೇನೆ, ಏಕೆಂದರೆ ಸ್ವಚ್ಛತೆಯ ಹೆಸರಿನಲ್ಲಿ ನಾವೇ ಹೆಚ್ಚಿಸಿಕೊಳ್ಳುವ ಕಾಯಿಲೆ ಅದು.

ಆರೋಗ್ಯವಾಗಿರುವ ಹೆಂಗಸಿನ ಸ್ರಾವವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ನೋಡಿದರೆ ಜೀವಕೋಶಗಳು ಬಿಸಿಲಿಗೆ ಹಾಕಿದ ಹಪ್ಪಳದಂತೆ ಅಂಚು ಸ್ಪಷ್ಟವಾಗಿ ಕಾಣುತ್ತವೆ. ನಡುವೆ ಅಲ್ಲಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಕಡ್ಡಿಯಾಕಾರದ ಒಳ್ಳೆಯ ಬ್ಯಾಕ್ಟೀರಿಯಾಗಳಿರುತ್ತವೆ. ಕಾಯಿಲೆಯಿದ್ದಾಗ ಅದೇ ಹಪ್ಪಳವನ್ನು ಹಿಟ್ಟಿನಲ್ಲಿ ಹೊರಳಿಸಿದಂತೆ, ಸಣ್ಣ ಬ್ಯಾಕ್ಟೀರಿಯಾಗಳು ಮುತ್ತಿಕೊಂಡು ಅಂಚೇ ಗೊತ್ತಾಗುವುದಿಲ್ಲ. ಇದಕ್ಕೆ ಕ್ಲೂ ಸೆಲ್ ಎಂದು ಹೆಸರು. 1983ರಲ್ಲಿ ಆಮ್ಸೆಲ್ ಮತ್ತು ಸಂಗಡಿಗರು ಹಾಕಿಕೊಟ್ಟ ನಾಲ್ಕು ಲಕ್ಷಣಗಳಲ್ಲಿ ಇದೂ ಒಂದು. ತೆಳುವಾದ, ಒಂದೇ ಸಮನಾದ ಸ್ರಾವ, 4.5ಕ್ಕಿಂತ ಮೇಲಿರುವ ಪಿಎಚ್ (ಈ ಅಂಕಿ ಏರಿದಷ್ಟೂ ಹುಳಿ ಕಡಿಮೆ), ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಹನಿ ಬಿದ್ದಾಗ ಏಳುವ ಮೀನಿನ ವಾಸನೆ ಉಳಿದ ಮೂರು. ನಾಲ್ಕರಲ್ಲಿ ಮೂರಿದ್ದರೆ ರೋಗವೆಂದು ಲೆಕ್ಕ.

ಲ್ಯಾಕ್ಟೋಬ್ಯಾಸಿಲಸ್‌ಗಳು ಲ್ಯಾಕ್ಟಿಕ್ ಆಮ್ಲವನ್ನು ಉತ್ಪಾದಿಸಿ ಆ ಜಾಗವನ್ನು ಹುಳಿಯಾಗಿಟ್ಟಿರುತ್ತವೆ. ಅವು ಕುಗ್ಗಿದಾಗ ಗಾರ್ಡ್ನೆರೆಲ್ಲಾ, ಪ್ರಿವೊಟೆಲ್ಲಾ ಮುಂತಾದ ಬೇರೆ ಬ್ಯಾಕ್ಟೀರಿಯಾಗಳು ತಲೆಯೆತ್ತುತ್ತವೆ. ಹೊರಗಿನಿಂದ ಕೊಳೆ ಬಂದು ಸೇರಿದ್ದಲ್ಲ, ಮನೆಯವರು ಜಾಗ ಬಿಟ್ಟದ್ದು. ಇಷ್ಟು ಓದಿಕೊಂಡಿದ್ದರೂ, ಏಳೆಂಟು ವರ್ಷಗಳ ಹಿಂದೆ ನನಗೇ ವಾಸನೆ ಶುರುವಾದಾಗ ನಾನು ಮಾಡಿದ್ದು ಬಚ್ಚಲಿನ ಬಿಸಿನೀರಿಗೆ ಗಾಯ ತೊಳೆಯುವ ಆಂಟಿಸೆಪ್ಟಿಕ್ ದ್ರವವನ್ನು ಒಂದು ಮುಚ್ಚಳ ಹಾಕಿಕೊಂಡು ಒಳಗೆಲ್ಲ ತೊಳೆದದ್ದು. ಎರಡು ದಿನ ವಾಸನೆಯಿರಲಿಲ್ಲ, ಮೂರನೆಯ ದಿನ ಉರಿಯೂ ಸೇರಿ ಮರಳಿತು. ಬೇರೆಯವರ ಕೈಗೆ ಕೊಡಲು ನಾಚಿಕೆಯಾಗಿ ನನ್ನ ಸ್ಲೈಡನ್ನು ನಾನೇ ನೋಡಿದೆ: ಕಣ್ಣು ಹಾಯಿಸಿದಲ್ಲೆಲ್ಲ ಹಿಟ್ಟು ಮೆತ್ತಿದ ಹಪ್ಪಳಗಳು, ಕಡ್ಡಿಗಳು ಹುಡುಕಿದರೂ ಇಲ್ಲ.

ಹಾಗೆಂದು ಆಂಟಿಸೆಪ್ಟಿಕ್ ಎಂಬುದನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಡೆಕ್ವಾಲಿನಿಯಂ ಕ್ಲೋರೈಡ್ ಎಂಬ ಆಂಟಿಸೆಪ್ಟಿಕ್ಕಿನ 10 ಮಿಲಿಗ್ರಾಂ ಮಾತ್ರೆಯನ್ನು ಆರು ದಿನ ಯೋನಿಯಲ್ಲಿಡುವ ಚಿಕಿತ್ಸೆಯು ಆಂಟಿಬಯಾಟಿಕ್‌ಗಳಾದ ಕ್ಲಿಂಡಮೈಸಿನ್ ಕ್ರೀಮಿಗೂ, 2024ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮೆಟ್ರೊನಿಡಜೋಲಿಗೂ ಹಿಂದೆ ಬೀಳಲಿಲ್ಲ. ಹೈಡ್ರೋಜನ್ ಪೆರಾಕ್ಸೈಡಿನಿಂದ ಒಮ್ಮೆ ತೊಳೆದು ನೋಡಿದವರಲ್ಲಿ ಮಾತ್ರ ಮೆಟ್ರೊನಿಡಜೋಲಿನಷ್ಟು ಗುಣ ಕಾಣಲಿಲ್ಲ. ಬೋರಿಕ್ ಆಮ್ಲದ 600 ಮಿಲಿಗ್ರಾಂ ಕ್ಯಾಪ್ಸೂಲನ್ನು ಪದೇ ಪದೇ ಮರಳುವ ಕಾಯಿಲೆಯಲ್ಲಿ, ಆಂಟಿಬಯಾಟಿಕ್ ಮುಗಿದ ಮೇಲೆ ತಜ್ಞರು ಒಳಗಿಡಲು ಬರೆಯುವುದುಂಟು. ಅದು ಬಾಯಿಗೆ ಹೋದರೆ ವಿಷ, ಬಸುರಿಯರಿಗೆ ವರ್ಜ್ಯ. ಕೇರಂ ಬೋರ್ಡಿನ ಮೇಲೆ ಉದುರಿಸುವ ಪುಡಿಯೂ ಬೋರಿಕ್ ಆಮ್ಲವೇ ಎಂದು ಕೇಳಿ ‘ಹಾಗಾದರೆ ಮನೆಯಲ್ಲೇ ಇದೆಯಲ್ಲ’ ಎಂದವರೊಬ್ಬರನ್ನು ನಾನು ಕಷ್ಟಪಟ್ಟು ತಡೆದಿದ್ದೇನೆ. ಅಳತೆಯಿಟ್ಟು ತಯಾರಿಸಿದ ಔಷಧಿ ಬೇರೆ, ಬಚ್ಚಲಿನ ಶೀಸೆ ಬೇರೆ. ಒಳಗೆ ತೊಳೆಯುವ ಅಭ್ಯಾಸಕ್ಕೂ ಈ ಕಾಯಿಲೆಗೂ ನಂಟಿರುವುದು ಹಲವು ಅಧ್ಯಯನಗಳಲ್ಲಿ ಕಂಡಿದೆ.

ಮೊದಲ ಚಿಕಿತ್ಸೆ ಈಗಲೂ ಮೆಟ್ರೊನಿಡಜೋಲ್: 500 ಮಿಲಿಗ್ರಾಂ, ದಿನಕ್ಕೆರಡು ಬಾರಿ, ಏಳು ದಿನ. ಲೈಂಗಿಕ ಸೋಂಕುಗಳನ್ನು ನೋಡುವ ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಪರೀಕ್ಷೆಗೆ ಕಾಯದೆ ಲಕ್ಷಣ ನೋಡಿ ಕೊಡುವ ಹಸಿರು ಕಿಟ್ಟಿನಲ್ಲಿ ಮೆಟ್ರೊನಿಡಜೋಲಿನ ಬಳಗದ ಸೆಕ್ನಿಡಜೋಲ್ ಮತ್ತು ಶಿಲೀಂಧ್ರದ ಸೋಂಕಿಗೆ ಫ್ಲುಕೊನಜೋಲ್ ಇರುತ್ತವೆ. ನನಗೂ ಮೆಟ್ರೊನಿಡಜೋಲಿನಿಂದಲೇ ವಾಸಿಯಾಯಿತು, ಐದು ತಿಂಗಳಿಗೆ ಮತ್ತೆ ಬಂತು. ಗುಣವಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಅದು ಮರಳುತ್ತದೆ ಎಂದು ಆಸ್ಟ್ರೇಲಿಯದ ಅಧ್ಯಯನವೊಂದು 2006ರಲ್ಲೇ ಹೇಳಿತ್ತು. ಗಾರ್ಡ್ನೆರೆಲ್ಲಾ ಯೋನಿಯ ಒಳಪದರಕ್ಕೆ ಪಾಚಿಯಂತೆ ಅಂಟಿಕೊಳ್ಳುವುದು ಒಂದು ಕಾರಣ. ಖಾಲಿಯಾದ ಜಾಗದಲ್ಲಿ ಒಳ್ಳೆಯ ಬ್ಯಾಕ್ಟೀರಿಯಾಗಳು ಮತ್ತೆ ನೆಲೆಯೂರದಿರುವುದು ಇನ್ನೊಂದು, ಪ್ರೊಬಯಾಟಿಕ್ಕಿನ, ಅಂದರೆ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಕೊಡುವ ಮಾತು ಬರುವುದು ಇಲ್ಲೇ.

ಹಾಲು ಕರೆದು ಡೇರಿಗೆ ಹಾಕುವ ನಮ್ಮ ಸೀಮೆಯವರಿಗೆ ಹೆಪ್ಪಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮೊಸರನ್ನೇ ಒಳಗೆ ಹಚ್ಚಿಕೊಂಡರೆ ಸಾಕೆಂಬ ಸಲಹೆ ಆ ತಿಳಿವಳಿಕೆಯನ್ನು ತಪ್ಪು ಪಾತ್ರೆಗೆ ಸುರಿದಂತೆ, ಏಕೆಂದರೆ ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳು ಯೋನಿಯಲ್ಲಿ ಬೀಡುಬಿಡುವ ಜಾತಿಯವಲ್ಲ. ಅಲ್ಲಿ ಮುಖ್ಯವಾಗಿ ಬೇಕಾದದ್ದು ಲ್ಯಾಕ್ಟೋಬ್ಯಾಸಿಲಸ್ ಕ್ರಿಸ್ಪೇಟಸ್. ಅದರ ಒಂದು ತಳಿಯನ್ನು ಮೆಟ್ರೊನಿಡಜೋಲ್ ಜೆಲ್ಲಿನ ನಂತರ ಹನ್ನೊಂದು ವಾರಗಳ ಕಾಲ ಒಳಗಿಟ್ಟು, 228 ಮಹಿಳೆಯರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದ ವರದಿ 2020ರಲ್ಲಿ ಬಂತು: ಹನ್ನೆರಡನೆಯ ವಾರದೊಳಗೆ ಕಾಯಿಲೆ ಮರಳಿದ್ದು ಆ ಔಷಧಿ ಪಡೆದವರಲ್ಲಿ ಶೇ. 30, ಹುಸಿ ಔಷಧಿ ಪಡೆದವರಲ್ಲಿ ಶೇ. 45. ವ್ಯತ್ಯಾಸ ನಿಜವಾದದ್ದೇ, ಆದರೂ ಹತ್ತರಲ್ಲಿ ಮೂವರಿಗೆ ಮರಳಿತೆಂಬುದನ್ನು ಮರೆಯುವಂತಿಲ್ಲ. ನಮ್ಮ ಬೀದಿಯ ಅಂಗಡಿಗಳಲ್ಲಿ ನಾನು ತಿರುಗಿಸಿ ನೋಡಿದ ಕ್ಯಾಪ್ಸೂಲುಗಳ ಮೇಲೆ ಹೆಚ್ಚಾಗಿ ರಾಮ್ನೋಸಸ್, ರೂಟೆರಿ ಎಂಬ ಬೇರೆ ಬ್ಯಾಕ್ಟೀರಿಯಾಗಳ ಹೆಸರುಗಳಿದ್ದವು. ಅವನ್ನು ನುಂಗುವುದರಿಂದ ಹಾನಿ ಕಡಿಮೆ, ಆದರೆ ಚಿಕಿತ್ಸೆಯ ಬದಲಿಗೆ ಅವನ್ನೇ ನೆಚ್ಚುವಷ್ಟು ಪುರಾವೆಯಿಲ್ಲ. ಬೇಧಿಗೆ ಕೊಡುವ ಬ್ಯಾಸಿಲಸ್ ಕ್ಲಾಸಿ ಎಂಬ ಪ್ರೊಬಯಾಟಿಕ್ಕಿನ ಶೀಸೆಗೂ ಈ ಕಾಯಿಲೆಗೂ ಸಂಬಂಧವೇ ಇಲ್ಲ.

ಇನ್ನೊಂದು ಸಂಗತಿಯನ್ನು ನಮ್ಮಲ್ಲಿ ಯಾರೂ ಕೇಳುವುದೇ ಇಲ್ಲ. 2025ರಲ್ಲಿ ಆಸ್ಟ್ರೇಲಿಯದಿಂದ ಬಂದ ಪ್ರಯೋಗದಲ್ಲಿ ಗಂಡು ಸಂಗಾತಿಗೂ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆ ಮತ್ತು ಹಚ್ಚಲು ಕ್ಲಿಂಡಮೈಸಿನ್ ಕ್ರೀಮ್ ಕೊಟ್ಟಾಗ, ಹನ್ನೆರಡು ವಾರಗಳಲ್ಲಿ ಕಾಯಿಲೆ ಮರಳಿದ್ದು ಶೇ. 35 ಹೆಂಗಸರಲ್ಲಿ, ಹೆಂಗಸಿಗೆ ಮಾತ್ರ ಚಿಕಿತ್ಸೆ ಕೊಟ್ಟಾಗ ಶೇ. 63. ನನ್ನ ಕೌಂಟರಿನ ಮುಂದೆ ಈ ಚೀಟಿ ಹಿಡಿದು ನಿಲ್ಲುವುದು ಹೆಂಗಸರೇ, ಜೊತೆಗೆ ಅತ್ತೆಯೋ ಅಕ್ಕನೋ ಇರುತ್ತಾರೆ. ಗಂಡ ಬಂದಿದ್ದರೂ ಹೊರಗೆ ಬೈಕಿನ ಮೇಲೆಯೇ ಕೂತಿರುತ್ತಾನೆ.