ಬುದ್ಧಿವಂತ ನಾಯಕರ ಅನಿಮೆಗಳಲ್ಲಿ ಮೊದಲು ನೋಡಬೇಕಾದದ್ದು ಯಾವುದು?

ಅನಿಮೆಗಳ, ಅಂದರೆ ಜಪಾನಿನ ಆನಿಮೇಶನ್ ಸರಣಿಗಳ, ಬಗ್ಗೆ ಬರೆಯತೊಡಗಿದ ಮೇಲೆ ನನಗೆ ಅತಿ ಹೆಚ್ಚು ಬಾರಿ ಎದುರಾದ ಪ್ರಶ್ನೆ ಇದು: "ನಾಯಕ ತುಂಬ ಬುದ್ಧಿವಂತನಾಗಿರುವ ಸರಣಿ ಬೇಕು, ಮೊದಲು ಯಾವುದನ್ನು ನೋಡಲಿ?" ಕೇಳುವವರಲ್ಲಿ ಕಾಲೇಜಿನ ಹುಡುಗರಿದ್ದಾರೆ, ಕಚೇರಿಯ ಸಹೋದ್ಯೋಗಿಗಳಿದ್ದಾರೆ, ಬೇಸಿಗೆ ರಜೆಗೆಂದು ನಮ್ಮ ಮನೆಗೆ ಬಂದಿದ್ದ ಅಣ್ಣನ ಮಗಳೂ ಇದ್ದಾಳೆ. ಬಹಳ ಕಾಲ ನಾನು ಎರಡನೆಯ ಯೋಚನೆಯಿಲ್ಲದೆ "ಡೆತ್ ನೋಟ್" ಎಂದು ಹೇಳಿಬಿಡುತ್ತಿದ್ದೆ. ಈಗ "ದಿ ಅಪಾಥಿಕರಿ ಡೈರೀಸ್" ಎನ್ನುತ್ತೇನೆ. ರಾಣಿವಾಸದ ಒಬ್ಬ ಕೆಲಸದ ಹುಡುಗಿಯ ಕಥೆ ಎಂದು ತಿಳಿದ ಕೂಡಲೇ ಕೇಳಿದವರ ಮುಖ ಸಪ್ಪಗಾಗುವುದನ್ನು ಕಂಡಿದ್ದೇನೆ. ಆದ್ದರಿಂದ ಉತ್ತರ ಬದಲಾದ ಕಾರಣವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

"ಡೆತ್ ನೋಟ್" ನನ್ನ ಕಣ್ಣಿಗೆ ಈಗ ಕಳಪೆಯಾಗಿ ಕಾಣುತ್ತಿದೆ ಎಂದು ಯಾರೂ ತಿಳಿಯಬಾರದು. ಮ್ಯಾಡ್‌ಹೌಸ್ ಸ್ಟುಡಿಯೊ 2006 ಮತ್ತು 2007ರಲ್ಲಿ ತಯಾರಿಸಿದ 37 ಕಂತುಗಳ ಈ ಸರಣಿಯ ಎರಡನೆಯ ಕಂತನ್ನು ನಾನು ಇಂದಿಗೂ ಹೊಸದಾಗಿ ನೋಡುವವಳಂತೆ ನೋಡುತ್ತೇನೆ. ಲೈಟ್ ಯಾಗಾಮಿ ಎಂಬ ವಿದ್ಯಾರ್ಥಿಯ ಕೈಗೆ ಒಂದು ಪುಸ್ತಕ ಸಿಕ್ಕಿರುತ್ತದೆ. ಮುಖವನ್ನು ನೆನೆಯುತ್ತ ಅದರಲ್ಲಿ ಯಾರ ಹೆಸರು ಬರೆದರೂ ಅವರು 40 ಸೆಕೆಂಡುಗಳಲ್ಲಿ ಹೃದಯಾಘಾತದಿಂದ ಸಾಯುತ್ತಾರೆ. ಪ್ರಪಂಚದಾದ್ಯಂತ ಅಪರಾಧಿಗಳು ಸಾಯತೊಡಗಿದಾಗ ಎಲ್ ಎಂಬ ಪತ್ತೇದಾರ ಟಿವಿಯಲ್ಲಿ ಕಾಣಿಸಿಕೊಂಡು ಕೊಲೆಗಾರನನ್ನು ದುಷ್ಟ ಎಂದು ಹಂಗಿಸುತ್ತಾನೆ. ಸಿಟ್ಟಿಗೆದ್ದ ಲೈಟ್ ಪರದೆಯ ಮೇಲಿನ ಹೆಸರನ್ನು ಬರೆದೇಬಿಡುತ್ತಾನೆ, ಆ ಮನುಷ್ಯ ಅಲ್ಲೇ ಕುಸಿದು ಸಾಯುತ್ತಾನೆ. ಮರುಕ್ಷಣ ಪರದೆಯ ಮೇಲೆ ಒಂದೇ ಒಂದು ಅಕ್ಷರ ಮೂಡಿ, ಬೇರೊಂದು ದನಿ, ನಿಜವಾದ ಎಲ್‌ನ ದನಿ, ಮಾತನಾಡತೊಡಗುತ್ತದೆ. ಸತ್ತವನು ಅಂದೇ ಗಲ್ಲಿಗೇರಬೇಕಾಗಿದ್ದ ಕೈದಿ. ಇಡೀ ಜಗತ್ತಿಗೆ ಬಿತ್ತರವಾಗುತ್ತಿದೆ ಎಂದು ಸಾರಿದ ಕಾರ್ಯಕ್ರಮ ತೋರಿದ್ದು ಜಪಾನಿನ ಕಾಂಟೊ ಪ್ರದೇಶದಲ್ಲಿ ಮಾತ್ರ.

ಈ ದೃಶ್ಯದಲ್ಲಿ ನನ್ನನ್ನು ಸೆಳೆಯುವುದು ಎಲ್‌ನ ಪ್ರಯೋಗದ ರಚನೆ. ಮೊದಲ ಬಲಿಯಾದವನು ಟೋಕಿಯೊದ ಶಿಂಜುಕುವಿನಲ್ಲಿ ಜನರನ್ನು ಒತ್ತೆಯಿಟ್ಟುಕೊಂಡಿದ್ದ ಒಬ್ಬ ಅಪರಾಧಿ, ಆ ಸುದ್ದಿ ಜಪಾನಿನ ಹೊರಗೆ ಹೋಗಿರಲೇ ಇಲ್ಲ ಎಂಬುದನ್ನು ಆತ ಮೊದಲೇ ಗಮನಿಸಿದ್ದ. ಆದ್ದರಿಂದ ಕೊಲೆಗಾರ ಜಪಾನಿನಲ್ಲಿರಬೇಕು, ಹೆಚ್ಚಿನ ಜನಸಂಖ್ಯೆಯಿರುವ ಕಾಂಟೊವಿನಿಂದಲೇ ಹುಡುಕಾಟ ಆರಂಭವಾಗಬೇಕು. ಅಲ್ಲಿ ಏನೂ ಆಗದಿದ್ದರೆ ಅದೇ ಕಾರ್ಯಕ್ರಮವನ್ನು ಮುಂದಿನ ಪ್ರದೇಶದಲ್ಲಿ ಪ್ರಸಾರ ಮಾಡುವುದಕ್ಕೂ ಸಿದ್ಧತೆಯಿತ್ತು. ಫಲಿತಾಂಶ ಹೇಗೇ ಬಂದರೂ ಏನಾದರೊಂದು ತಿಳಿಯಲೇಬೇಕು, ಒಂದು ಬಾಗಿಲು ಮುಚ್ಚಿದರೂ ಅದೇ ಒಂದು ಉತ್ತರವಾಗಬೇಕು ಎಂಬ ಯೋಚನೆ ಅದರಲ್ಲಿದೆ. ಪ್ರಯೋಗಾಲಯದಲ್ಲಿ ಕೆಲಸ ಮಾಡಿದವರಿಗೆ ಇದು ಕೂಡಲೇ ಮನಸ್ಸಿಗೆ ಹತ್ತುತ್ತದೆ. ಇಡೀ ಜಗತ್ತೇ ಅಡಗುದಾಣವಾಗಿದ್ದ ಲೈಟ್‌ಗೆ ಇಪ್ಪತ್ತು ನಿಮಿಷಗಳಲ್ಲಿ ಉಳಿದದ್ದು ಟೋಕಿಯೊ ಮತ್ತು ಅದರ ಸುತ್ತಲಿನ ಆರು ಪ್ರಾಂತಗಳು ಮಾತ್ರ.

ಇಲ್ಲಿ ಪತ್ತೇದಾರನಿಗೆ ಗೊತ್ತಿದ್ದ ಸಂಗತಿಗಳೆಲ್ಲ ನೋಡುವ ನಮಗೂ ಗೊತ್ತಿದ್ದವು. ಶಿಂಜುಕುವಿನ ಒತ್ತೆಯಾಳುಗಳ ಸುದ್ದಿಯನ್ನು ನಾವು ಮೊದಲ ಕಂತಿನಲ್ಲಿಯೇ ಲೈಟ್‌ನ ಜೊತೆಯಲ್ಲಿ ನೋಡಿದ್ದೆವು. ನೋಡಿಯೂ ನಮಗೆ ಹೊಳೆದಿರಲಿಲ್ಲ. ಒಂದು ಸರಣಿಯ ನಾಯಕ ನಿಜಕ್ಕೂ ಬುದ್ಧಿವಂತನೇ ಎಂದು ತೀರ್ಮಾನಿಸಲು ನಾನು ಹಿಡಿಯುವ ಮೊದಲ ಅಳತೆ ಇದೇ. ಆತ ನೋಡಿದ್ದನ್ನೆಲ್ಲ ನನಗೂ ತೋರಿಸಬೇಕು, ಆತ ಯೋಚಿಸಿದ ದಾರಿಯಲ್ಲಿ ನಾನೂ ಹೆಜ್ಜೆ ಹೆಜ್ಜೆಯಾಗಿ ನಡೆದು ಬರುವಂತಿರಬೇಕು.

ಈ ಅಳತೆಯನ್ನು ಹಿಡಿದರೆ ಅನೇಕ ಹೆಸರಾಂತ ಸರಣಿಗಳು ನಿಲ್ಲುವುದಿಲ್ಲ. "ಕ್ಲಾಸ್‌ರೂಮ್ ಆಫ್ ದಿ ಎಲೀಟ್" ಸರಣಿಯ ಆಯಾನೊಕೋಜಿ ಪ್ರವೇಶ ಪರೀಕ್ಷೆಯ ಪ್ರತಿಯೊಂದು ವಿಷಯದಲ್ಲಿಯೂ ಸರಿಯಾಗಿ 50 ಅಂಕ ಪಡೆದಿರುತ್ತಾನೆ. ಅಷ್ಟು ಲೆಕ್ಕ ಹಾಕಿ ತಪ್ಪು ಉತ್ತರ ಬರೆಯಬಲ್ಲವನು ಎಂಬ ಕಲ್ಪನೆ ಸೊಗಸಾಗಿಯೇ ಇದೆ. ಆದರೆ ಮುಂದೆ ಅವನು ತೆರೆಯ ಹಿಂದೆ ಏನೇನು ಮಾಡಿದ ಎಂಬುದನ್ನು ಕೊನೆಯವರೆಗೂ ನಮ್ಮಿಂದ ಮುಚ್ಚಿಟ್ಟು, ಆಮೇಲೆ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ಆಗ ನಮಗೆ ಆಗುವುದು ಅಚ್ಚರಿ ಮಾತ್ರ. ಮೆಚ್ಚುಗೆಗೆ ಬೇಕಾದ ಆಧಾರ ಕೈಗೆ ಸಿಕ್ಕಿರುವುದಿಲ್ಲ. ನಾಯಕ ಮೇಧಾವಿಯೆಂದು ತೋರಿಸುವುದಕ್ಕಾಗಿ ಉಳಿದವರನ್ನೆಲ್ಲ ದಡ್ಡರನ್ನಾಗಿಸುವ ಸರಣಿಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. "ಕೋಡ್ ಗಿಯಾಸ್" ಸರಣಿಯ ಲೆಲೂಷ್ ನನಗೆ ಪ್ರಿಯನಾದವನೇ, ಆದರೆ ಕಣ್ಣನ್ನು ನೋಡಿ ಆಜ್ಞಾಪಿಸಿದರೆ ಎದುರಿಗಿದ್ದವರು ಒಮ್ಮೆ ಪಾಲಿಸಲೇಬೇಕೆಂಬ ಮಾಂತ್ರಿಕ ಶಕ್ತಿ ಅವನ ಕೈಯಲ್ಲಿರುವುದರಿಂದ ಅವನನ್ನು ಈ ಚರ್ಚೆಗೆ ತರುವುದಿಲ್ಲ.

"ಡಾಕ್ಟರ್ ಸ್ಟೋನ್" ಸರಣಿಯ ಸೆಂಕು ಮಾತ್ರ ಈ ಅಳತೆಗೆ ಚೆನ್ನಾಗಿ ಒಗ್ಗುತ್ತಾನೆ. ಮನುಷ್ಯಕುಲವೆಲ್ಲ ಕಲ್ಲಾಗಿ ಸುಮಾರು 3,700 ವರ್ಷ ಕಳೆದ ಮೇಲೆ ಎಚ್ಚರಗೊಳ್ಳುವ ಈ ಹುಡುಗ, ಕಲ್ಲಿನೊಳಗಿದ್ದಷ್ಟು ಕಾಲವೂ ಸೆಕೆಂಡುಗಳನ್ನು ಎಣಿಸುತ್ತಲೇ ಇದ್ದು, ಇಂದು 5738ನೇ ಇಸವಿಯ ಏಪ್ರಿಲ್ 1 ಎಂದು ಲೆಕ್ಕ ಹೇಳುತ್ತಾನೆ. ಆ ಎಣಿಕೆಯನ್ನು ನಂಬುವುದು ಕಷ್ಟವಾದರೂ, ಬಾವಲಿಗಳ ಗುಹೆಯಲ್ಲಿ ತೊಟ್ಟಿಕ್ಕುವ ನೈಟ್ರಿಕ್ ಆಮ್ಲದಿಂದ ಮುಂದಕ್ಕೆ ಅವನು ಮಾಡುವುದೆಲ್ಲ ನಮ್ಮ ಶಾಲೆಯ ರಸಾಯನಶಾಸ್ತ್ರಕ್ಕೆ ನಿಲುಕುವಂಥದ್ದು. ದೂರದ್ದು ಮಸುಕಾಗಿ ಕಾಣುವ ಸುಯಿಕಾ ಎಂಬ ಪುಟ್ಟ ಹುಡುಗಿಗೆ ಅವನು ಗಾಜನ್ನು ಕರಗಿಸಿ ಕನ್ನಡಕದ ಮಸೂರ ಮಾಡಿಕೊಡುತ್ತಾನೆ, ಅವಳು ಮೊದಲ ಬಾರಿಗೆ ಹೂಗಳ ಬಯಲನ್ನು ಸ್ಪಷ್ಟವಾಗಿ ನೋಡುತ್ತಾಳೆ. ನಾನೂ ಮೂರನೆಯ ತರಗತಿಯಲ್ಲಿ ಮೊದಲ ಬಾರಿಗೆ ಕನ್ನಡಕ ಹಾಕಿಕೊಂಡು ಮನೆಯಂಗಳದ ಹೊಂಗೆ ಮರದ ಎಲೆಗಳನ್ನು ಬಿಡಿಬಿಡಿಯಾಗಿ ಕಂಡವಳು. ಆ ದೃಶ್ಯವನ್ನು ನೋಡುವಾಗ ಕಣ್ಣು ತುಂಬಿ ಬಂದಿತ್ತು.

ಎರಡನೆಯ ಅಳತೆಯನ್ನು ನನಗೆ ಕಲಿಸಿದ್ದು "ಹ್ಯೋಕಾ". ಹೊನೊಬು ಯೊನೆಜಾವಾ ಅವರ ಕಾದಂಬರಿಗಳನ್ನು ಆಧರಿಸಿ ಕ್ಯೋಟೊ ಆನಿಮೇಶನ್ ಸಂಸ್ಥೆ 2012ರಲ್ಲಿ ತಯಾರಿಸಿದ 22 ಕಂತುಗಳ ಸರಣಿ ಇದು. ಇಲ್ಲಿ ಕೊಲೆಗಾರರಿಲ್ಲ, ಯುದ್ಧವಿಲ್ಲ. ಶಾಲೆಯೊಂದರ ಸಣ್ಣಪುಟ್ಟ ಒಗಟುಗಳಿವೆ, ಅವುಗಳನ್ನು ಬಿಡಿಸುವ ಓರೆಕಿ ಹೋಟಾರೊ ಎಂಬ ನಿರುತ್ಸಾಹಿ ಹುಡುಗನಿದ್ದಾನೆ. 8ರಿಂದ 11ನೇ ಕಂತಿನವರೆಗಿನ ಕಥೆಯ ಗುಟ್ಟನ್ನು ಇಲ್ಲಿ ಹೇಳಲೇಬೇಕಾಗಿದೆ, ಬೇಡವಾದವರು ಮುಂದಿನ ಪ್ಯಾರಾವನ್ನು ಬಿಟ್ಟು ಓದಬಹುದು.

ಹಿರಿಯ ತರಗತಿಯವರು ಶಾಲೆಯ ಉತ್ಸವಕ್ಕಾಗಿ ಒಂದು ಪತ್ತೇದಾರಿ ಸಿನಿಮಾ ತೆಗೆಯುತ್ತಿರುತ್ತಾರೆ. ಚಿತ್ರಕಥೆ ಬರೆಯುತ್ತಿದ್ದ ಹುಡುಗಿ ಅರ್ಧದಲ್ಲಿ ಅನಾರೋಗ್ಯದಿಂದ ಹಾಸಿಗೆ ಹಿಡಿದಿದ್ದಾಳೆ. ಕೊಲೆಗಾರ ಯಾರೆಂದು ಅವಳು ಯೋಚಿಸಿದ್ದಳು ಎಂಬುದನ್ನು ಪತ್ತೆ ಮಾಡಲು ಓರೆಕಿಯನ್ನು ಕರೆಯುತ್ತಾರೆ, ನಿನ್ನಲ್ಲಿ ವಿಶೇಷ ಪ್ರತಿಭೆಯಿದೆ ಎಂದು ಹೊಗಳುತ್ತಾರೆ. ಅವನು ಜಾಣತನದಿಂದ ಕೂಡಿದ ಉತ್ತರವನ್ನೇ ಕೊಡುತ್ತಾನೆ, ಕ್ಯಾಮೆರಾ ಹಿಡಿದವನೇ ಕೊಲೆಗಾರ ಎನ್ನುತ್ತಾನೆ, ಸಿನಿಮಾ ಮುಗಿಯುತ್ತದೆ, ಎಲ್ಲರಿಗೂ ಇಷ್ಟವಾಗುತ್ತದೆ. ಆಮೇಲೆ ಅವನ ಗೆಳೆಯರು ಒಬ್ಬೊಬ್ಬರಾಗಿ ಬಂದು ಮಾತನಾಡುತ್ತಾರೆ. ಅವಳು ತರಿಸಿಟ್ಟಿದ್ದ ಹಗ್ಗ ಸಿನಿಮಾದಲ್ಲಿ ಎಲ್ಲಿಯೂ ಬಳಕೆಯಾಗಲಿಲ್ಲವಲ್ಲ ಎಂದು ಒಬ್ಬಳು ಕೇಳುತ್ತಾಳೆ. ಅವಳು ಓದಿದ್ದು ಷರ್ಲಾಕ್ ಹೋಮ್ಸ್ ಕಥೆಗಳನ್ನು ಮಾತ್ರ, ಇಂಥ ತಂತ್ರ ಅವಳಿಗೆ ಗೊತ್ತಿರಲು ಸಾಧ್ಯವೇ ಎಂದು ಇನ್ನೊಬ್ಬ ಕೇಳುತ್ತಾನೆ. ಆಗ ಓರೆಕಿಗೆ ತಾನು ಎಡವಿದ ಜಾಗ ಕಾಣುತ್ತದೆ. ಯಾರೂ ಸಾಯದಂಥ ಕಥೆ ಬರೆಯಬೇಕೆಂಬುದು ಆ ಹುಡುಗಿಯ ಆಸೆಯಾಗಿತ್ತು. ನಟಿಸಿದವರು ಹುರುಪಿನಲ್ಲಿ ಅದನ್ನು ಕೊಲೆಯನ್ನಾಗಿ ಮಾಡಿಬಿಟ್ಟಿದ್ದರು. ಅವನು ಎದುರಿಗಿದ್ದ ಕಾಗದವನ್ನು ಓದಿದ್ದ, ಬರೆದವಳ ಮನಸ್ಸನ್ನು ಓದಿರಲಿಲ್ಲ.

ತಾನು ಹೇಗೆ ತಪ್ಪಿದೆನೆಂದು ನಾಯಕ ತಿಳಿದುಕೊಳ್ಳುವ ಆ ನಿಮಿಷಗಳು ಯಾವ ಗೆಲುವಿನ ದೃಶ್ಯಕ್ಕಿಂತಲೂ ನನಗೆ ಹೆಚ್ಚಾಗಿ ಕಂಡವು. ಈ ಸರಣಿಯ ನಿರ್ದೇಶಕ ಯಾಸುಹಿರೊ ತಾಕೆಮೊಟೊ 2019ರ ಜುಲೈ 18ರಂದು ಆ ಸಂಸ್ಥೆಯ ಸ್ಟುಡಿಯೊಗೆ ದುಷ್ಕರ್ಮಿಯೊಬ್ಬ ಹಚ್ಚಿದ ಬೆಂಕಿಗೆ ಬಲಿಯಾದ 36 ಮಂದಿಯಲ್ಲಿ ಒಬ್ಬರು. "ಹ್ಯೋಕಾ" ಹೆಸರೆತ್ತಿದಾಗ ಅವರನ್ನು ನೆನೆಯದೆ ಮುಂದೆ ಹೋಗಲು ನನ್ನಿಂದಾಗುವುದಿಲ್ಲ.

ಮೂರನೆಯದು, ತಿಳಿದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆ. 1988ರಿಂದ 1997ರವರೆಗೆ 110 ಕಂತುಗಳಲ್ಲಿ ಹೊರಬಂದ "ಲೆಜೆಂಡ್ ಆಫ್ ದಿ ಗ್ಯಾಲಾಕ್ಟಿಕ್ ಹೀರೋಸ್" ಸರಣಿಯ ಯಾಂಗ್ ವೆನ್‌ಲಿ ಇತಿಹಾಸಕಾರನಾಗಬೇಕೆಂದಿದ್ದವನು, ಹಣವಿಲ್ಲದೆ ಉಚಿತವಾಗಿ ಇತಿಹಾಸ ಓದಬಹುದೆಂದು ಸೇನಾ ಶಾಲೆಗೆ ಸೇರಿದವನು. ಯಾರೂ ಗೆಲ್ಲಲಾಗದಿದ್ದ ಇಜರ್ಲೋನ್ ಕೋಟೆಯನ್ನು ಅವನು ಶತ್ರುಗಳ ವೇಷದಲ್ಲಿ ತನ್ನವರನ್ನು ಒಳಗೆ ಕಳುಹಿಸಿ, ಒಬ್ಬ ಸೈನಿಕನನ್ನೂ ಕಳೆದುಕೊಳ್ಳದೆ ವಶಪಡಿಸಿಕೊಳ್ಳುತ್ತಾನೆ. ಈ ಕೋಟೆ ಕೈಗೆ ಬಂದರೆ ಶಾಂತಿ ಮಾತುಕತೆಗೆ ದಾರಿಯಾಗುತ್ತದೆ ಎಂಬುದು ಅವನ ಎಣಿಕೆ. ಆದರೆ ಅಷ್ಟು ಸುಲಭವಾಗಿ ಸಿಕ್ಕ ಗೆಲುವೇ ರಾಜಕಾರಣಿಗಳ ತಲೆ ತಿರುಗಿಸುತ್ತದೆ. ಅವರು 3 ಕೋಟಿ ಸೈನಿಕರನ್ನು ಶತ್ರುರಾಜ್ಯದೊಳಕ್ಕೆ ಅಟ್ಟುತ್ತಾರೆ, ಅವರಲ್ಲಿ ಬಹುಪಾಲು ಮಂದಿ ಹಿಂದಿರುಗುವುದಿಲ್ಲ. ಯಾಂಗ್‌ನ ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ, ಆದರೂ ಹೀಗಾಯಿತು. ಆದರೆ ಇದು ಮೊದಲು ನೋಡಬೇಕಾದ ಸರಣಿಯಲ್ಲ. ಪಾತ್ರಗಳ ಸಂಖ್ಯೆಯೇ ಹೊಸಬರನ್ನು ಕಂಗೆಡಿಸುತ್ತದೆ.

ಈ ಮೂರೂ ಒಂದೇ ಕಡೆ, ಅದೂ ಮೊದಲ ನಾಲ್ಕು ಕಂತುಗಳಲ್ಲಿಯೇ ಸಿಗುವುದು "ದಿ ಅಪಾಥಿಕರಿ ಡೈರೀಸ್"ನಲ್ಲಿ. ನಾತ್ಸು ಹ್ಯೂಗಾ ಅವರ ಕಾದಂಬರಿಗಳನ್ನು ಆಧರಿಸಿದ ಈ ಸರಣಿಯ ಮೊದಲ ಸೀಸನ್ 2023ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಕಥೆ ನಡೆಯುವುದು ಪ್ರಾಚೀನ ಚೀನಾವನ್ನು ಹೋಲುವ ಒಂದು ಕಲ್ಪಿತ ಸಾಮ್ರಾಜ್ಯದಲ್ಲಿ. ವೇಶ್ಯಾವಾಟಿಕೆಯಲ್ಲಿ ಔಷಧ ಅರೆಯುತ್ತ ಬೆಳೆದ ಮಾವ್‌ಮಾವ್‌ಳನ್ನು ಅಪಹರಿಸಿ ರಾಣಿವಾಸದ ಕೆಲಸಕ್ಕೆ ಮಾರಿಬಿಟ್ಟಿರುತ್ತಾರೆ. ತನಗೆ ಓದುಬರಹ ಬರುತ್ತದೆಂದು ಗೊತ್ತಾದರೆ ಹೆಚ್ಚುವ ಸಂಬಳದ ಪಾಲು ಅಪಹರಿಸಿದವರಿಗೇ ಹೋಗುತ್ತದೆ ಎಂದು ಅವಳು ಅದನ್ನು ಮುಚ್ಚಿಟ್ಟಿದ್ದಾಳೆ. ಚಕ್ರವರ್ತಿಯ ಇಬ್ಬರು ಪತ್ನಿಯರ ಎಳೆಗೂಸುಗಳು ಸೊರಗುತ್ತಿವೆ, ಎಲ್ಲರೂ ಶಾಪ ಎನ್ನುತ್ತಿದ್ದಾರೆ. ಆ ತಾಯಂದಿರು ಜಗಳವಾಡುವುದನ್ನು ಗುಂಪಿನ ಹಿಂದಿನಿಂದ ಒಮ್ಮೆ ನೋಡುವ ಮಾವ್‌ಮಾವ್‌ಗೆ ಕಾರಣ ಹೊಳೆಯುತ್ತದೆ: ಮುಖಕ್ಕೆ ಹಚ್ಚುವ ಬಿಳಿ ಪುಡಿಯೇ ವಿಷ. ಸೀಸದಿಂದ ಮಾಡಿದ ಇಂಥ ಪುಡಿ ಜಪಾನಿನಲ್ಲಿ 20ನೇ ಶತಮಾನದ ಆರಂಭದವರೆಗೂ ಬಳಕೆಯಲ್ಲಿತ್ತು. ಅವಳು ಬಟ್ಟೆಯ ಚೂರಿನ ಮೇಲೆ ಎಚ್ಚರಿಕೆಯನ್ನು ಬರೆದು, ಹೂವಿನ ಕೊಂಬೆಗೆ ಕಟ್ಟಿ, ಇಬ್ಬರ ಕಿಟಕಿಗಳಲ್ಲಿಯೂ ಇಟ್ಟು ಹೋಗುತ್ತಾಳೆ. ಒಬ್ಬ ತಾಯಿ ನಂಬುತ್ತಾಳೆ, ಅವಳ ಮಗಳು ಉಳಿಯುತ್ತಾಳೆ. ಇನ್ನೊಬ್ಬಳ ಮಗ ಸಾಯುತ್ತಾನೆ.

ಬರೆದವಳನ್ನು ಹುಡುಕಲು ಅಧಿಕಾರಿ ಜಿನ್‌ಶಿ ಮಾಡುವ ಉಪಾಯವೂ ಎಲ್‌ನ ಬಲೆಯಂತೆಯೇ ಸರಳವಾಗಿದೆ. ಕೆಲಸದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ಮುಖದ ಮೇಲೆ ಕಂದು ಚುಕ್ಕೆಗಳಿರುವ ಹುಡುಗಿ ಇಲ್ಲಿಯೇ ಉಳಿಯಬೇಕು ಎಂದು ಬರೆದ ಕಾಗದವನ್ನು ಮೌನವಾಗಿ ಎತ್ತಿ ಹಿಡಿಯುತ್ತಾನೆ. ಓದಬಲ್ಲವಳು ಬೆಚ್ಚುತ್ತಾಳೆ, ಸಿಕ್ಕಿಬೀಳುತ್ತಾಳೆ. ಅಣ್ಣನ ಮಗಳು ಇಲ್ಲಿ ದೃಶ್ಯವನ್ನು ನಿಲ್ಲಿಸಿ, "ಅತ್ತೆ, ಅವಳು ಎಲ್ಲವನ್ನೂ ಯೋಚಿಸಿದ್ದಳು, ತಾನು ಓದಿಬಿಡುತ್ತೇನೆ ಅನ್ನುವುದನ್ನು ಮಾತ್ರ ಯೋಚಿಸಿರಲಿಲ್ಲ" ಎಂದಳು. ಅಷ್ಟು ಹೊತ್ತಿಗೆ ಅವಳು ಪಾತ್ರದ ಜೊತೆಯಲ್ಲಿಯೇ ಯೋಚಿಸತೊಡಗಿದ್ದಳು.

ನಾಲ್ಕನೆಯ ಕಂತಿನಲ್ಲಿ, ಮಗನನ್ನು ಕಳೆದುಕೊಂಡ ತಾಯಿ ಲಿಹುವಾ ಸಾವಿನ ಅಂಚಿನಲ್ಲಿರುತ್ತಾಳೆ. ಆರೈಕೆಗೆ ಬಂದ ಮಾವ್‌ಮಾವ್, ನಿಷೇಧವಾಗಿದ್ದರೂ ಆ ಪುಡಿಯನ್ನು ಒಬ್ಬ ದಾಸಿ ಈಗಲೂ ಒಡತಿಯ ಮುಖಕ್ಕೆ ಹಚ್ಚುತ್ತಿರುವುದನ್ನು ಕಂಡುಹಿಡಿಯುತ್ತಾಳೆ. ಒಡತಿ ಸುಂದರವಾಗಿ ಕಾಣಲಿ ಎಂಬುದಷ್ಟೇ ದಾಸಿಯ ಉದ್ದೇಶ. ಅಲ್ಲಿಯವರೆಗೆ ದನಿಯೇರಿಸದ ಹುಡುಗಿ ಆ ಪುಡಿಯನ್ನೆಲ್ಲ ದಾಸಿಯ ಮೇಲೆಯೇ ಸುರಿದು ಅಬ್ಬರಿಸುತ್ತಾಳೆ. ಸರಿಯಾದ ಉತ್ತರ ಎಂದೋ ಸಿಕ್ಕಿತ್ತು, ಅದು ಹೊಸ್ತಿಲು ದಾಟಿ ಆ ಕೋಣೆಯೊಳಗೆ ಹೋಗಿರಲಿಲ್ಲ. ಮುಂದೆ ಅವಳು ಮಾಡುವುದು ಚಮತ್ಕಾರವಲ್ಲ, ಆರೈಕೆ: ರೋಗಿಯ ತುಟಿ ಬಿಡಿಸಿ ಗಂಜಿಯ ತಿಳಿಯನ್ನು ಚಮಚದಲ್ಲಿ ಹನಿಹನಿಯಾಗಿ ಇಳಿಸುತ್ತಾಳೆ, ದಿನವೂ ಇಳಿಸುತ್ತಾಳೆ. ಜಪಾನಿ ಭಾಷೆಯಾಗಲಿ ಸಬ್‌ಟೈಟಲ್ ಆಗಲಿ ತಿಳಿಯದ ನನ್ನ ತಾಯಿ ಕಾಳು ಆರಿಸುತ್ತ ಪಕ್ಕದಲ್ಲಿ ಕುಳಿತಿದ್ದವರು ತಲೆಯೆತ್ತಿ ಒಂದಿಷ್ಟು ಹೊತ್ತು ನೋಡಿ, "ತಿಳಿವಳಿಕೆ ಇರುವ ಹುಡುಗಿ" ಎಂದರು.

ಹಾಗಾಗಿ ಕೇಳಿದವರಿಗೆ ನಾನು ಹೇಳುವ ಕ್ರಮ ಹೀಗಿದೆ: ಒಂದು ಭಾನುವಾರ ಈ ನಾಲ್ಕು ಕಂತುಗಳನ್ನು ಒಟ್ಟಿಗೆ ನೋಡಿ. ಹಿಡಿಸಿದರೆ ಮೊದಲ ಸೀಸನ್ನಿನ 24 ಕಂತುಗಳನ್ನೂ ಮುಗಿಸಿ, ಆಮೇಲೆ "ಡೆತ್ ನೋಟ್"ಗೆ ಹೋಗಿ. ಅದರ ಹಿಡಿತ 25ನೇ ಕಂತಿನ ನಂತರ ಸಡಿಲವಾಗುತ್ತದೆಂಬುದು ನನ್ನ ಅಭಿಪ್ರಾಯ, ಆದರೂ ಅರ್ಧಕ್ಕೆ ಬಿಡಬೇಡಿ. "ಹ್ಯೋಕಾ"ವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಿ. ಯಾಂಗ್‌ನ 110 ಕಂತುಗಳಿಗೆ ಒಂದು ವರ್ಷ ಹಿಡಿದರೂ ಪರವಾಗಿಲ್ಲ.