ಕೇಬಲ್ ನುಂಗಿದ ಕಂಪನ

ಆಟಿ ತಿಂಗಳ ಮಳೆ. ಕಾಸರಗೋಡಿನ ಒಂದು ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಡಿಸ್ಚಾರ್ಜ್ ಟ್ಯೂಬಿನ ಒಳಗೋಡೆಗೆ ಅಂಟಿದ್ದ ನೀರಿನ ಪಸೆ ಹೋಗಲೇ ಒಲ್ಲದು. ಪಂಪು ಬೆಳಗ್ಗೆಯಿಂದ ಓಡಿ, ಮಧ್ಯಾಹ್ನದ ಹೊತ್ತಿಗೆ ಆರ್ಗಾನ್ ಪ್ಲಾಸ್ಮಾ (ಎಲೆಕ್ಟ್ರಾನ್, ಅಯಾನ್‌ಗಳಾಗಿ ಒಡೆದ ಅನಿಲ) ಸ್ಥಿರವಾಗಿ ಹೊತ್ತಿಕೊಂಡಿತು.

ಒಳಗೆ 1 ಮಿ.ಮೀ. ದಪ್ಪ, 10 ಮಿ.ಮೀ. ಉದ್ದದ ಟಂಗ್‌ಸ್ಟನ್ ತಂತಿ: ಪ್ಲಾಸ್ಮಾವನ್ನು ಅಳೆಯುವ ಲ್ಯಾಂಗ್ಮುಯರ್ ಪ್ರೋಬ್. ಅಲ್ಲಿಂದ 6 ಮೀಟರ್ ಕೇಬಲ್ ಆಸಿಲೋಸ್ಕೋಪಿಗೆ. ತೇಲುವ ವೋಲ್ಟೇಜಿನ (ಕರೆಂಟ್ ಎಳೆಯದೆ ಬಿಟ್ಟಾಗ ಪ್ರೋಬ್ ತಾನೇ ತಳೆಯುವ ವೋಲ್ಟೇಜ್) ಏರಿಳಿತದ ಸ್ಪೆಕ್ಟ್ರಮ್, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಶಕ್ತಿ ಎಂಬ ನಕ್ಷೆ, ತೆಗೆದಾಗ 3 ಕಿಲೋಹರ್ಟ್ಸ್ ದಾಟಿದ ಮೇಲೆ ನೇರ ಇಳಿಜಾರು. ಆವರ್ತನ 10 ಪಟ್ಟಾದರೆ ಶಕ್ತಿ ನೂರರಲ್ಲೊಂದು ಪಾಲು. ಪ್ರಕ್ಷುಬ್ಧ ಪ್ಲಾಸ್ಮಾದಲ್ಲೂ ಇಂಥದೇ ಇಳಿಜಾರು ಕಾಣಸಿಗುವುದರಿಂದ ಹುಡುಗರಿಗೆಲ್ಲ ಖುಷಿ. ನನಗೆ ಮಾತ್ರ ಅದು ತೀರ ನಯವಾಗಿ ಕಂಡಿತು.

ಲೆಕ್ಕ ಹಾಕಿದೆವು. ಪ್ರೋಬಿಗೂ ಪ್ಲಾಸ್ಮಾಕ್ಕೂ ನಡುವಿನ ತೆಳು ‘ಶೀತ್’ ಪದರವೂ ಒಂದು ರೋಧ. ಅದರ ಬೆಲೆ ಸುಮಾರಾಗಿ ಎಲೆಕ್ಟ್ರಾನ್ ತಾಪವನ್ನು (ಎಲೆಕ್ಟ್ರಾನ್ ವೋಲ್ಟಿನಲ್ಲಿ) ಅಯಾನ್ ಸಂತೃಪ್ತ ಕರೆಂಟಿನಿಂದ (ಅಯಾನ್‌ಗಳಿಂದ ಪ್ರೋಬಿಗೆ ಸಿಗಬಲ್ಲ ಗರಿಷ್ಠ ಕರೆಂಟ್) ಭಾಗಿಸಿದಷ್ಟು. ಇಲ್ಲಿ 2 ಎಲೆಕ್ಟ್ರಾನ್ ವೋಲ್ಟ್ ಮತ್ತು 20 ಮೈಕ್ರೋಆಂಪಿಯರ್, ಅಂದರೆ 1 ಲಕ್ಷ ಓಮ್. ಕೇಬಲಿನ ಕೆಪಾಸಿಟನ್ಸ್ ಮೀಟರಿಗೆ 100 ಪಿಕೋಫ್ಯಾರಡ್, ಒಟ್ಟು 600. ಎರಡೂ ಸೇರಿ 2.6 ಕಿಲೋಹರ್ಟ್ಸಿನ ಮೇಲಿನದನ್ನೆಲ್ಲ ಸೋಸಿ ಹಾಕುತ್ತವೆ. ನಾವು ಅಳೆದದ್ದು ಕೇಬಲನ್ನು!

ಖಾತ್ರಿಗೆ ಪ್ಲಾಸ್ಮಾದ ಬದಲು 1 ಲಕ್ಷ ಓಮಿನ ರೆಸಿಸ್ಟರ್ ಇಟ್ಟು ಚೌಕ ತರಂಗ ಕಳಿಸಿದೆವು. ಚೌಕದ ಅಂಚು ದುಂಡಗಾಗಿ ಬಂತು. ಪ್ರೋಬಿನಿಂದ 30 ಸೆಂ.ಮೀ. ದೂರದಲ್ಲೇ ಬಫರ್ ಆಂಪ್ಲಿಫೈಯರ್ (ಮುಂದಿನ ಕೇಬಲಿನ ಭಾರ ಪ್ರೋಬಿಗೆ ತಾಗದಂತೆ ತಡೆಯುವ ಸರ್ಕ್ಯೂಟ್) ಕೂರಿಸಿದ ಮೇಲೆ ಮಿತಿ 50 ಕಿಲೋಹರ್ಟ್ಸ್ ಹತ್ತಿರಕ್ಕೆ ಏರಿತು, ಇಳಿಜಾರಿನ ರೂಪವೇ ಬದಲಾಯಿತು.

ಪರಮಾಣು ಸಮ್ಮಿಲನಕ್ಕೆಂದು ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಟೋಕಮಾಕ್ ಯಂತ್ರದ ಅಂಚಿನಲ್ಲಿ ಪರಿಸ್ಥಿತಿ ಬೇರೆ. ತಾಪ 20 ಎಲೆಕ್ಟ್ರಾನ್ ವೋಲ್ಟ್, ಕರೆಂಟ್ 40 ಮಿಲಿಆಂಪಿಯರ್ ಇದ್ದರೆ ಶೀತ್ ರೋಧ 500 ಓಮ್ ಮಾತ್ರ; 10 ಮೀಟರ್ ಕೇಬಲಿದ್ದರೂ 300 ಕಿಲೋಹರ್ಟ್ಸ್‌ವರೆಗೆ ಸಿಗುತ್ತದೆ. ಆದರೆ ಪ್ರೋಬನ್ನು ಗೋಡೆಯ ಕಡೆಗೆ ಎಳೆದಂತೆ ಸಾಂದ್ರತೆ ಕುಸಿದು ರೋಧ ಏರುತ್ತದೆ. ಆಗ ನಿಧಾನವಾದದ್ದು ಪ್ಲಾಸ್ಮಾವೋ ಸರ್ಕ್ಯೂಟೋ ಎಂದು ಪತ್ತೆಯಾಗದು. ಹೊರಕ್ಕೆ ಚಿಮ್ಮುವ ಪ್ಲಾಸ್ಮಾ ಮುದ್ದೆಗಳು ಪ್ರೋಬನ್ನು ದಾಟುವುದು ಕೆಲವು ಹತ್ತು ಮೈಕ್ರೋಸೆಕೆಂಡುಗಳಲ್ಲಿ. ಸೋಸಿದ ಸಿಗ್ನಲ್ಲಿನಲ್ಲಿ ಅವುಗಳ ಮೊನೆಯೇ ಮಾಯ.

ಮಾದರಿಯೊಂದಿಗೆ ಹೋಲಿಸುವವರಿಗೂ ಇದು ಅನ್ವಯ. ಪ್ಲಾಸ್ಮಾ ಅಂಚಿನ ಪ್ರಕ್ಷುಬ್ಧತೆಯನ್ನು ವಿವರಿಸುವ 1983ರ ಹಸೆಗಾವಾ–ವಾಕಾತಾನಿ ಸಮೀಕರಣಗಳಿಂದ ಬಂದ ವೋಲ್ಟೇಜಾಗಲಿ, ದೊಡ್ಡ ಕಂಪ್ಯೂಟರ್ ಕೋಡಿನದಾಗಲಿ, ಮೊದಲು ಇದೇ ರೋಧ–ಕೇಬಲ್ ಸೋಸುಕದಿಂದ ಹಾಯಿಸಿ, ಆಮೇಲೆ ಅಳತೆಯ ಪಕ್ಕ ಇಡಬೇಕು.

ಸಂಜೆ ಲಾಗ್ ಪುಸ್ತಕದಲ್ಲಿ ಕೇಬಲಿನ ಉದ್ದಕ್ಕೆಂದೇ ಒಂದು ಕಾಲಂ ಗೀಚಿದೆವು.