ಹಳೆ ಲ್ಯಾಂಡ್‌ಲೈನ್‌ಗೆ ಆಸ್ಟೆರಿಸ್ಕ್ ಹಚ್ಚೋರು ಮೊದಲು ಲೈನಿನ ದನಿ ಕೇಳ್ರಿ

ನಮ್ ಕಲಬುರಗಿಯೊಳಗ ದಾಲ್ ಮಿಲ್ಲಿನವರಿಗೆ ಇನ್ನೂ 08472 ನಂಬರೇ ಬೇಕ್ರಿ, ತೊಗರಿ ವ್ಯಾಪಾರಸ್ಥರ ಡೈರಿಯೊಳಗ ವರ್ಷಾನುಗಟ್ಲೆ ಅದೇ ನಂಬರ್ ಅದ, ಬಿಟ್ರ ಗಿರಾಕಿ ಹೋಗ್ತಾರ. ಹಂಗಾಗಿ ನಮ್ ಕಾಕಾರ ಮಿಲ್ಲಿನಾಗ ತಾಮ್ರದ ಲೈನ್ ಹಂಗೇ ಇಟ್ಕೊಂಡು ಹಳೆ ಪಿಸಿಗೆ ಎಫ್‌ಎಕ್ಸ್‌ಒ ಕಾರ್ಡ್ (ಲ್ಯಾಂಡ್‌ಲೈನ್ ವಾಯರ್ ಸಿಗಸೋ ಕಾರ್ಡ್) ಹಾಕಿ ಆಸ್ಟೆರಿಸ್ಕ್ ಕೂಡ್ಸೀನಿ, ಅದು ಪಿಸಿನೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡೋ ಫುಕಟ್ ಸಾಫ್ಟ್‌ವೇರ್, ಆಫೀಸಿಗೊಂದು ಗೋಡೌನಿಗೊಂದು ಕಾಟಾದ ಹಂತ್ಯಾಕ ಒಂದು ಫೋನ್. ಡಯಲ್‌ಪ್ಲಾನ್, ಅಂದ್ರ ಯಾವ ಕಾಲ್ ಯಾವ ಫೋನಿಗೆ ಹೋಗ್ಬೇಕು ಅನ್ನೋದು, ಸಸಾರ ಅದ, ಅದು ಎಲ್ಲಾ ಕಡಿ ಸಿಗ್ತದ. ತಲಿ ತಿನ್ನೋದು ಸಿಗ್ನಲಿಂಗ್, ಅಂದ್ರ ಫೋನ್ ಎತ್ತಿದ್ದು ಇಟ್ಟಿದ್ದು ಲೈನಿನ ಎರಡೂ ಕಡಿ ತಿಳಿಸೋ ರೀತಿ.

ಎಫ್‌ಎಕ್ಸ್‌ಒ ಪೋರ್ಟಿಗೆ ಎಫ್‌ಎಕ್ಸ್‌ಎಸ್ ಸಿಗ್ನಲಿಂಗ್ ಬರೀಬೇಕು, ಯಾಕಂದ್ರ ಆ ಕಡಿ ಎಕ್ಸ್‌ಚೇಂಜ್ ಎಫ್‌ಎಕ್ಸ್‌ಎಸ್ ಅದ, ಅಂದ್ರ ಲೈನಿಗೆ ಕರೆಂಟ್, ರಿಂಗ್ ಕೊಡೋ ಬದಿ. ವಾಯರಿನಾಗ 48 ವೋಲ್ಟ್ ಡಿಸಿ ಇರ್ತದ, ನಾವು ಎತ್ತಿದ್ರ ಲೂಪ್ ಕೂಡಿ ಕರೆಂಟ್ ಹರೀತದ, ಎಕ್ಸ್‌ಚೇಂಜಿಗೆ ಗೊತ್ತಾಗ್ತದ. ಆದ್ರ ಆ ಕಡಿಯವ್ರು ಫೋನ್ ಇಟ್ಟಿದ್ದು ನಮಗ ಹ್ಯಾಂಗ ಗೊತ್ತಾಗ್ಬೇಕು? ಕೂಲ್‌ಸ್ಟಾರ್ಟ್ (kewlstart) ಅನ್ನೋ ಸಿಗ್ನಲಿಂಗ್ ಹಾಕಿದ್ರ, ಎಕ್ಸ್‌ಚೇಂಜ್ ಜರಾ ಹೊತ್ತು ಬ್ಯಾಟರಿ ಕಟ್ ಮಾಡ್ತದ ಅಂತ ಕಾರ್ಡ್ ದಾರಿ ಕಾಯ್ತದ, ನಮ್ ಲೈನಿನಾಗ ಕಟ್ಟೇ ಆಗಲ್ಲ, ಬರೇ ಟೋನ್ ಬರ್ತದ. ಮಾತು ಮುಗದ್ರೂ ಚಾನೆಲ್ ಅಪ್ ಅಂತನೇ ತೋರಸ್ತದ, ಲೈನ್ ಎಂಗೇಜ್, ಮುಂದಿನ ಗಿರಾಕಿಗೆ ಹತ್ತಲ್ಲ.

ಆಗ ಹಳೆ ಸೆಟ್ ಒಂದು ಪ್ಯಾರಲಲ್ ಹಚ್ಚಿ ಕಿವಿಗೊಟ್ಟು ಕೇಳ್ರಿ. ಮುಕ್ಕಾಲು ಸೆಕೆಂಡ್ ಟೂಂ, ಮುಕ್ಕಾಲು ಸೆಕೆಂಡ್ ಸುಮ್ಮ. ಆಸ್ಟೆರಿಸ್ಕಿನ ಇಂಡಿಯಾ ಟೋನ್ ಪಟ್ಟಿಯೊಳಗೂ ಬಿಜಿ ಅಂದ್ರ ಇದೇ ಅದ, 400 ಹರ್ಟ್ಸ್, 750 ಮಿಲಿಸೆಕೆಂಡ್ ಆನ್, 750 ಆಫ್. ಕಂಜೆಷನ್ ಟೋನ್ (ಲೈನ್ ಖಾಲಿ ಇಲ್ಲ ಅನ್ನೋದು) 250-250, ಅದು ಬ್ಯಾರೆ. ಬಿಜಿ ಡಿಟೆಕ್ಟ್ ಆನ್ ಮಾಡಿ, ಪ್ಯಾಟರ್ನ್ 750,750, ಕೌಂಟ್ 4 ಇಟ್ಟೀನಿ, ನಾಕು ಸಲ ಟೋನ್ ಕೇಳಿದ್ರ ಕಾಲ್ ಮುಗಿಸ್ತದ, ಅಂದ್ರ ಸುಮಾರು ಆರು ಸೆಕೆಂಡಿನಾಗ ಲೈನ್ ಖುಲ್ಲಾ ಆಗ್ತದ. ಕೌಂಟ್ ಇನ್ನೂ ಕಮ್ಮಿ ಮಾಡಬ್ಯಾಡ್ರಿ, ಮಾತಾಡೋ ದನೀನೇ ಟೋನ್ ಅಂತ ತಿಳ್ಕೊಂಡು ನಡುವ ಕಟ್ ಮಾಡ್ತದ.

ಇದಕ್ಕಿಂತ ಪಕ್ಕಾ ದಾರಿ ಪೊಲಾರಿಟಿ ರಿವರ್ಸಲ್, ಅಂದ್ರ ಎಕ್ಸ್‌ಚೇಂಜ್ ವಾಯರಿನ ಪ್ಲಸ್-ಮೈನಸ್ ಅದಲು-ಬದಲು ಮಾಡೋದು. ಹಿಂದ ಎಸ್‌ಟಿಡಿ ಬೂತಿನ ಮೀಟರ್ ಇದರ ಮ್ಯಾಲೇ ನಡೀತಿದ್ವು. ಲೈನಿಗೆ ಮಲ್ಟಿಮೀಟರ್ ಹಚ್ಚಿ ಒಂದು ಕಾಲ್ ಮಾಡ್ರಿ, ಆ ಕಡಿಯವ್ರು ಎತ್ತಿದ ಕೂಡ್ಲೇ ಪ್ಲಸ್ ಇದ್ದದ್ದು ಮೈನಸ್ ಆದ್ರ ನಿಮಗ ರಿವರ್ಸಲ್ ಅದ, ಪೊಲಾರಿಟಿ ಹೊಳ್ಳಿ ತಿರುಗಿದ ಕೂಡ್ಲೇ ಹ್ಯಾಂಗಪ್ ಮಾಡೋ ಸೆಟ್ಟಿಂಗ್ ಹಾಕ್ರಿ. ಇಲ್ಲಂದ್ರ ಎಕ್ಸ್‌ಚೇಂಜಿಗೆ ಅರ್ಜಿ ಕೊಟ್ಟು ರಿವರ್ಸಲ್ ಕೇಳೋದು ಚಲೋ.

ಇನ್ನ ಕಾಲರ್ ಐಡಿ. ಅಮೆರಿಕಾದ ಕಾನ್ಫಿಗ್ ಕಾಪಿ ಹೊಡದ್ರ ಅದು ಮೊದಲನೇ ರಿಂಗಿಗೂ ಎರಡನೇದಕ್ಕೂ ನಡುವ ನಂಬರ್ ಹುಡುಕ್ತದ, ನಮ್ಮಲ್ಲಿ ರಿಂಗ್ ಬರೋಕಿಂತ ಮೊದಲೇ ಡಿಟಿಎಂಎಫ್‌ನಾಗ (ಬಟನ್ ಒತ್ತಿದಾಗ ಬರೋ ಟೋನಿನಾಗ) ಬಂದು ಹೋಗಿರ್ತದ. ಚಾನ್-ದಾಡಿ (ಆಸ್ಟೆರಿಸ್ಕಿನಾಗ ಕಾರ್ಡ್ ನಡಸೋ ಭಾಗ) ಕಾನ್ಫಿಗಿನೊಳಗ ಸಿಐಡಿ (ಕಾಲರ್ ಐಡಿ) ಸಿಗ್ನಲಿಂಗ್ ಡಿಟಿಎಂಎಫ್ ಮಾಡಿ, ಸಿಐಡಿ ಸ್ಟಾರ್ಟಿಗೆ ‘ಪೊಲಾರಿಟಿ ಐಎನ್’ ಅಂತ ಇಂಡಿಯಾಕ್ಕಂತನೇ ಒಂದು ಆಯ್ಕೆ ಅದ, ಅದನ್ನ ಹಾಕ್ರಿ. ಯಾರೋ ಪುಣ್ಯಾತ್ಮರು ನಮ್ ದೇಶದ ಲೈನ್ ತಿಳ್ಕೊಂಡು ಇದನ್ನ ಬರದು ಫುಕಟ್ ಕೊಟ್ಟಾರಲ್ಲ, ನನಗಂತೂ ಭಾಳ ಖುಷಿ ಆಯ್ತು. ಈಗ ಕಾಕಾ ಎತ್ತೋಕಿಂತ ಮೊದಲೇ ಯಾರ ಫೋನ್ ಅಂತ ನೋಡ್ತಾರ.

ಸಿಗ್ನಲಿಂಗ್ ಬದಲಿ ಮಾಡಿದ ಮ್ಯಾಲ ಬರೇ ರೀಲೋಡ್ ಸಾಲಲ್ಲ, ಆಸ್ಟೆರಿಸ್ಕ್ ಕನ್ಸೋಲಿನಾಗ ‘ದಾಡಿ ರೀಸ್ಟಾರ್ಟ್’ (dahdi restart) ಅಂತ ಕಮಾಂಡ್ ಕೊಡ್ಬೇಕು, ಅದು ನಡದಿದ್ದ ಕಾಲ್ ಎಲ್ಲಾ ಕೆಡವ್ತದ, ಅದಕ್ಕ ಮಿಲ್ ಬಂದ್ ಆದ ಮ್ಯಾಲ ಮಾಡ್ರಿ.